ತೋಟದ ಮನೆಯ ಮುಂಬಾಗಿಲು ಸಜ್ಜು ಮಾಡುವುದು ಹೇಗೆ: ಧಾರವಾಡ, ಗದಗ, ಹಾವೇರಿ ಸೀಮೆಯವರಿಗೆ

ಹೊಲದಲ್ಲಿ ಒಂದು ಪುಟ್ಟ ಮನೆ ಕಟ್ಟಿಕೊಂಡು, ವಾರಕ್ಕೊಮ್ಮೆ ಹುಬ್ಬಳ್ಳಿ-ಧಾರವಾಡದಿಂದ ಹೋಗಿ ಇದ್ದು ಬರುವವರು ನಮ್ಮ ಕಡೆ ಈಗ ಜಾಸ್ತಿಯಾಗಿದ್ದಾರೆ. ಕಲ್ಲಿನ ಗೋಡೆ, ಹಂಚಿನ ಚಾವಣಿ, ಹುಡುಕಿ ತಂದ ಹಳೇ ಸಾಗವಾನಿ ಬಾಗಿಲು. ಮನೆ ನೋಡಲು ಚೆಂದ. ಬಾಗಿಲ ಮುಂದೆ ಮಾತ್ರ ಕೆಲಸ ಮುಗಿದಾಗ ಉಳಿದ ಖಡಿ (ಜಲ್ಲಿ ಕಲ್ಲು), ಇಟ್ಟಿಗೆ ಚೂರು, ಹರಿದ ಸಿಮೆಂಟ್ ಚೀಲ. ದುಡ್ಡು ಮುಗಿದಿರುತ್ತದೆ, ತಾಳ್ಮೆಯೂ ಮುಗಿದಿರುತ್ತದೆ. ಆಮೇಲೆ ನರ್ಸರಿಯಿಂದ ನಾಲ್ಕು ಕುಂಡ ತಂದು ಇಡುತ್ತಾರೆ. ಮೊದಲ ದೊಡ್ಡ ಮಳೆಗೆ ಕುಂಡದ ಸುತ್ತ ಕೆಸರು, ಒಳಗೆ ಪಡಸಾಲೆ ತುಂಬ ಹೆಜ್ಜೆ ಗುರುತು.

ಬಾಗಿಲ ಮುಂದಿನ ಕೆಲಸಕ್ಕೆ ಒಂದು ಕ್ರಮ ಇದೆ. ಮೊದಲು ನೀರಿಗೆ ದಾರಿ, ಆಮೇಲೆ ಕಾಲಿಗೆ ದಾರಿ, ಆಮೇಲೆ ಕೂರಲು ಕಟ್ಟೆ, ಕೊನೆಗೆ ಗಿಡ. ಈ ಕ್ರಮ ತಪ್ಪಿಸಿ ಹೂವಿನಿಂದ ಶುರು ಮಾಡಿದರೆ ಎರಡನೇ ವರ್ಷ ಅದೇ ಗಿಡ ಕಿತ್ತು ಗಟಾರ ತೋಡಬೇಕಾಗುತ್ತದೆ.

ಯಾವಾಗ ಶುರು ಮಾಡಬೇಕು

ಸುಗ್ಗಿ ಮುಗಿದ ಮೇಲೆ, ಜನವರಿ-ಫೆಬ್ರುವರಿ ಒಳ್ಳೆಯದು. ಆಗ ಎರೆ ಮಣ್ಣಿನಲ್ಲಿ, ಅಂದರೆ ಜಿಗುಟು ಕಪ್ಪು ಮಣ್ಣಿನಲ್ಲಿ, ಇನ್ನೂ ಸ್ವಲ್ಪ ಹಸಿ ಇರುತ್ತದೆ, ಗುದ್ದಲಿ ಇಳಿಯುತ್ತದೆ. ಏಪ್ರಿಲ್‌ಗೆ ಬಿಟ್ಟರೆ ಅದೇ ನೆಲ ಹಾರೆಗೂ ಜಗ್ಗುವುದಿಲ್ಲ. ಕಲ್ಲಿನ ಕೆಲಸವನ್ನು ಯುಗಾದಿ ಆಸುಪಾಸಿನಲ್ಲಿ ಮುಗಿಸಿ. ಮೇ ತಿಂಗಳ ಅಡ್ಡಮಳೆ ನಿಮ್ಮ ಗಟಾರ ಸರಿ ಇದೆಯೋ ಇಲ್ಲವೋ ತೋರಿಸಿಕೊಡುತ್ತದೆ. ಗಿಡಗಳನ್ನು ಮಿರಗದ ಮಳೆ ಹಿಡಿದ ಮೇಲೆ, ಅಂದರೆ ಜೂನ್ ಎರಡನೇ ವಾರದ ನಂತರ ಹಚ್ಚಿ.

ಮೊದಲ ಹೆಜ್ಜೆ: ಮಣ್ಣು ನೋಡಿ

ಧಾರವಾಡದ ಪಶ್ಚಿಮಕ್ಕೆ, ಕಲಘಟಗಿ ಕಡೆಗೆ ಕೆಂಪು ಮಣ್ಣು. ಹುಬ್ಬಳ್ಳಿ ದಾಟಿ ಅಣ್ಣಿಗೇರಿ, ನವಲಗುಂದ, ನರಗುಂದ, ರೋಣದ ಕಡೆ ಹೋದರೆ ಎರೆ. ಹಾವೇರಿ ಜಿಲ್ಲೆಯಲ್ಲಿ ಎರಡೂ ಇವೆ. ಒಂದೇ ಊರಿನಲ್ಲಿ ರಸ್ತೆಯ ಆ ಕಡೆ ಒಂದು, ಈ ಕಡೆ ಇನ್ನೊಂದು ಇರುವುದೂ ಉಂಟು. ಮಳೆಯೂ ಹಾಗೇ. ಧಾರವಾಡಕ್ಕೆ ವರ್ಷಕ್ಕೆ ಸುಮಾರು 800 ಮಿ.ಮೀ. ಬಿದ್ದರೆ ಗದಗಿನ ಕಡೆ ಸುಮಾರು 600. ಆದ್ದರಿಂದ ಇನ್ನೊಬ್ಬರ ಅಂಗಳ ನೋಡಿ ಹಾಗೇ ಮಾಡಲು ಹೋಗಬೇಡಿ.

ಬಾಗಿಲಿನಿಂದ ಆರು ಅಡಿ ದೂರದಲ್ಲಿ ಒಂದೂವರೆ ಅಡಿ ಆಳದ ಗುಂಡಿ ತೋಡಿ. ಕೆಳಗಿನ ಮಣ್ಣನ್ನು ಒದ್ದೆ ಮಾಡಿ ಅಂಗೈಯಲ್ಲಿ ಹೊಸೆಯಿರಿ. ಬತ್ತಿಯಂತೆ ಉದ್ದ ಬಂದು, ಉಂಗುರ ಮಾಡಿದರೂ ಮುರಿಯದಿದ್ದರೆ ಅದು ಜಿಗುಟು ಎರೆ. ಗುಂಡಿಗೆ ಸಂಜೆ ನೀರು ತುಂಬಿಸಿ ಬಿಡಿ. ಬೆಳಗ್ಗೆ ಎದ್ದಾಗ ನೀರು ಇನ್ನೂ ನಿಂತಿದ್ದರೆ ಈ ಜಾಗದಲ್ಲಿ ನೀರು ಇಂಗುವುದಿಲ್ಲ, ಹರಿಸಿಯೇ ಕಳಿಸಬೇಕು ಎಂದರ್ಥ.

ಎರೆ ಮಣ್ಣಿನ ಗುಣ ಗೊತ್ತಲ್ವಾ? ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ನೇರವಾಗಿ ಏನೇ ಇಟ್ಟರೂ ವರ್ಷಕ್ಕೊಮ್ಮೆ ಎದ್ದು ಕೂರುತ್ತದೆ. ಮುಂದೆ ಹೇಳುವ ಅಳತೆಗಳೆಲ್ಲ ಎರೆ ಭೂಮಿಗೆ. ಕೆಂಪು ಮಣ್ಣಾದರೆ ಆಳವನ್ನು ಅರ್ಧಕ್ಕೆ ಇಳಿಸಬಹುದು.

ಎರಡನೇ ಹೆಜ್ಜೆ: ನೀರನ್ನು ಬಾಗಿಲಿನಿಂದ ದೂರ ಕಳಿಸಿ

ಸ್ವಲ್ಪ ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಚಾವಣಿ 600 ಚದರಡಿ ಇದ್ದರೆ ಅದು ಸುಮಾರು 56 ಚದರ ಮೀಟರ್. ಒಂದು ಸಂಜೆ 30 ಮಿ.ಮೀ. ಮಳೆಯಾದರೆ 1,600 ಲೀಟರ್‌ಗೂ ಜಾಸ್ತಿ ನೀರು ಹಂಚಿನಿಂದ ಇಳಿಯುತ್ತದೆ. ಎರಡು ಇಳಿಜಾರಿನ ಚಾವಣಿಯಾದರೆ ಅದರಲ್ಲಿ ಅರ್ಧ ನಿಮ್ಮ ಬಾಗಿಲ ಮುಂದೆಯೇ ಬೀಳುತ್ತದೆ. ಅದು ಪಾಯದ ಪಕ್ಕ ನಿಂತರೆ ಎರೆ ಉಬ್ಬುತ್ತದೆ, ಗೋಡೆ ಬಿರಿಯುತ್ತದೆ. ಹೂವಿಗಿಂತ ಮೊದಲು ಗಟಾರ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಮಾಡಬೇಕಾದದ್ದು ಎರಡು ಕೆಲಸ. ಒಂದು, ಗೋಡೆಗೆ ತಾಗಿ ಮೂರು ಅಡಿ ಅಗಲದ ಕಲ್ಲಿನ ಇಲ್ಲವೇ ಕಾಂಕ್ರೀಟಿನ ಪಟ್ಟಿ. ಇದು ಹೊರಕ್ಕೆ ಇಳಿಜಾರಾಗಿರಬೇಕು. ಅಂಗಳಕ್ಕೂ ಇದೇ ಇಳಿಜಾರು ಸಾಕು: ಹತ್ತು ಅಡಿಗೆ ಎರಡೂವರೆ ಇಂಚು. ಕಣ್ಣಳತೆಯಲ್ಲಿ ಮಾಡಬೇಡಿ. ಗೌಂಡಿಗಳ ಹತ್ತಿರ ನೀರು ತುಂಬಿದ ಪಾರದರ್ಶಕ ಪೈಪು ಇರುತ್ತದೆ. ಅದರ ಎರಡು ತುದಿ ಎರಡು ಗೂಟಕ್ಕೆ ಹಿಡಿದು ಮಟ್ಟ ಗುರುತು ಮಾಡಿಸಿ, ಹುರಿ ಕಟ್ಟಿಸಿ. ಈ ಒಂದು ತಾಸಿನ ಕೆಲಸ ಮುಂದಿನ ಎಷ್ಟೋ ಮಳೆಗಾಲ ಕಾಯುತ್ತದೆ.

ಎರಡು, ಸೂರಿನ ನೀರು ಬೀಳುವ ಗೆರೆಯಲ್ಲೇ ಒಂದೂವರೆ ಅಡಿ ಅಗಲ, ಒಂದು ಅಡಿ ಆಳದ ಕಾಲುವೆ. ತಳಕ್ಕೆ ಇಳಿಜಾರು ಕೊಟ್ಟು 40 ಮಿ.ಮೀ. ಖಡಿ ತುಂಬಿ. ನೀರು ಖಡಿ ಮೇಲೆ ಬೀಳುವುದರಿಂದ ಮಣ್ಣು ಸಿಡಿದು ಗೋಡೆಗೆ ಅಂಟುವುದಿಲ್ಲ. ಗೋಡೆಯ ಕೆಳಗಿನ ಎರಡು ಅಡಿ ಕೆಂಪಗೋ ಕಪ್ಪಗೋ ಆಗಿರುವ ಮನೆಗಳನ್ನು ನೋಡಿದ್ದೀರಲ್ಲ, ಅದು ಈ ಸಿಡಿತದ್ದೇ ಗುರುತು. ಬಾಗಿಲಿಗೆ ಎದುರಿನ ಭಾಗದಲ್ಲಿ ಕಾಲುವೆ ಮೇಲೆ ಒಂದು ಕಲ್ಲಿನ ಹಾಸು ಹಾಕಿ ದಾಟುವಂತೆ ಮಾಡಿ. ಕಾಲುವೆಯ ಕೊನೆ ಮನೆಯಿಂದ ಕಡಿಮೆ ಅಂದರೂ ಇಪ್ಪತ್ತು ಅಡಿ ದೂರ ಇರಲಿ. ಅಲ್ಲಿ ನಾಲ್ಕು ಬಾಳೆ ಹಚ್ಚಿದರೆ ಆ ನೀರೂ ವ್ಯರ್ಥವಾಗುವುದಿಲ್ಲ.

ಮೂರನೇ ಹೆಜ್ಜೆ: ಕಾಲುದಾರಿ

ಗೇಟಿನಿಂದ, ಇಲ್ಲವೇ ಟ್ರ್ಯಾಕ್ಟರ್ ನಿಲ್ಲುವ ಜಾಗದಿಂದ ಬಾಗಿಲಿಗೆ ಜನ ಈಗಾಗಲೇ ಒಂದು ದಾರಿ ಸವೆಸಿರುತ್ತಾರೆ. ಅದನ್ನೇ ದಾರಿ ಮಾಡಿ. ಕಾಗದದ ಮೇಲೆ ಚೆಂದ ಕಾಣುವ ಡೊಂಕು ದಾರಿ ಹಾಕಿದರೆ ಜನ ಅದನ್ನು ಬಿಟ್ಟು ನೇರವಾಗಿ ಗಿಡದ ಮೇಲೆ ನಡೆಯುತ್ತಾರೆ. ಅಗಲ ನಾಲ್ಕು ಅಡಿ. ಇಬ್ಬರು ಮಾತಾಡುತ್ತಾ ಜೊತೆಗೆ ಬರಬಹುದು, ಜೋಳದ ಚೀಲ ಹೊತ್ತವರೂ ಆರಾಮಾಗಿ ಬರಬಹುದು.

ಇಪ್ಪತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ದಾರಿ ಅಂತ ಇಟ್ಟುಕೊಳ್ಳಿ. ಒಂದು ಅಡಿ ಆಳಕ್ಕೆ ಎರೆ ತೆಗೆಯಿರಿ. ತೆಗೆದ ಮಣ್ಣನ್ನು ಎಸೆಯಬೇಡಿ, ಗಿಡದ ಮಡಿಗೆ ಬೇಕು. ತಳವನ್ನು ದಿಮ್ಮಸು ಹಾಕಿ ಗಟ್ಟಿ ಮಾಡಿ. ಸಿಕ್ಕರೆ ತಳಕ್ಕೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಗರಸು (ಮುರ್ರಂ ಮಣ್ಣು) ಎರೆಯೊಳಗೆ ಇಳಿದು ಹೋಗುವುದನ್ನು ಅದು ತಡೆಯುತ್ತದೆ. ಅದರ ಮೇಲೆ ಗರಸು ಮೂರು ಪದರ. ಪ್ರತಿ ಪದರವೂ ಬಡಿದ ಮೇಲೆ ಮೂರು ಇಂಚು ಆಗಬೇಕು. ಪ್ರತಿ ಸಲ ನೀರು ಚಿಮುಕಿಸಿ, ದಿಮ್ಮಸು ಹಾಕಿ, ಕಾಲಿಟ್ಟರೆ ಗುರುತು ಬೀಳದಷ್ಟು ಗಟ್ಟಿ ಮಾಡಿ. ಕೂಲಿಯವರು ಒಂಬತ್ತು ಇಂಚೂ ಒಮ್ಮೆಗೇ ಸುರಿದು ಮೇಲೆ ಬಡಿಯಲು ನೋಡುತ್ತಾರೆ. ಹಾಗೆ ಮಾಡಿದರೆ ಮೇಲಿನ ಮೂರು ಇಂಚು ಮಾತ್ರ ಗಟ್ಟಿಯಾಗಿ, ಕೆಳಗೆ ಪೊಳ್ಳು ಉಳಿಯುತ್ತದೆ. ಆ ಹೊತ್ತಿಗೆ ನೀವು ಅಲ್ಲೇ ನಿಂತಿರಬೇಕು.

ಗರಸಿನ ಲೆಕ್ಕ ಹೀಗೆ: 80 ಚದರಡಿಗೆ ಮುಕ್ಕಾಲು ಅಡಿ ದಪ್ಪ, ಅಂದರೆ 60 ಘನ ಅಡಿ. ಬಡಿದಾಗ ಕುಗ್ಗುವುದಕ್ಕೆ ಕಾಲು ಭಾಗ ಸೇರಿಸಿದರೆ 75. ನೂರು ಘನ ಅಡಿಗೆ ಒಂದು ಬ್ರಾಸ್, ಹಾಗಾಗಿ ಮುಕ್ಕಾಲು ಬ್ರಾಸ್ ಸಾಕು. ಅದರ ಮೇಲೆ ಎರಡು ಇಂಚು ಉಸುಕು, ಸುಮಾರು 15 ಘನ ಅಡಿ. ಮೇಲೆ ಎರಡು ಇಂಚಿನ ಕಲ್ಲು. ಆಗ ದಾರಿ ನೆಲದಿಂದ ಒಂದು ಇಂಚು ಎತ್ತರ ಕೂರುತ್ತದೆ. ಅದು ಬೇಕು, ಇಲ್ಲದಿದ್ದರೆ ಮಳೆನೀರು ದಾರಿಯನ್ನೇ ಹಳ್ಳ ಮಾಡಿಕೊಳ್ಳುತ್ತದೆ.

ಕಲ್ಲು ಯಾವುದು? ಶಹಾಬಾದ್ ಪರಸಿ ಸುಲಭವಾಗಿ ಸಿಗುತ್ತದೆ, ಆದರೆ ಪಾಲಿಶ್ ಮಾಡಿದ್ದು ಬೇಡವೇ ಬೇಡ. ಒದ್ದೆ ಕಾಲಿಗೆ ಜಾರುತ್ತದೆ, ವಯಸ್ಸಾದವರಿರುವ ಮನೆಗೆ ಅಪಾಯ. ಒರಟು ಮುಖದ್ದಾದರೆ ಸರಿ. ಬಾದಾಮಿ ಕಡೆಯ ಕೆಂಪು ಮರಳುಗಲ್ಲು ಕಣ್ಣಿಗೆ ಹಿತ. ನನ್ನ ಮೊದಲ ಆಯ್ಕೆ ಮಾತ್ರ ಹಳೇ ಮನೆ ಕೆಡವಿದಲ್ಲಿ ಸಿಗುವ ಪರಸಿ. ತಲೆಮಾರುಗಳ ಕಾಲು ಸವೆಸಿ ಅಂಚು ದುಂಡಗಾಗಿರುತ್ತದೆ, ಬರಿಗಾಲಿಗೆ ಚುಚ್ಚುವುದಿಲ್ಲ. ದಪ್ಪ ಒಂದೇ ಸಮ ಇರುವುದಿಲ್ಲ, ಕೆಳಗೆ ಉಸುಕು ಹೆಚ್ಚು-ಕಡಿಮೆ ಮಾಡಿ ಕೂರಿಸಬೇಕು.

ಸಿಮೆಂಟ್ ಹಾಕದೆ ಉಸುಕಿನ ಮೇಲೇ ಕೂರಿಸಿ. ಎರೆ ಅಲ್ಲಾಡಿದಾಗ ಸಿಮೆಂಟಿನ ದಾರಿ ಒಡೆಯುತ್ತದೆ. ಉಸುಕಿನ ಮೇಲಿನ ಕಲ್ಲು ಸರಿದರೆ ಎತ್ತಿ ಮತ್ತೆ ಕೂರಿಸಬಹುದು. ಸಂದು ಅರ್ಧ ಇಂಚು ಇರಲಿ, ಅದಕ್ಕೆ ಸಣ್ಣ ಖಡಿಪುಡಿ ತುಂಬಿ ಗುಡಿಸಿ. ಎರಡೂ ಅಂಚಿಗೆ ಕಲ್ಲನ್ನು ಉದ್ದಕ್ಕೆ ನಿಲ್ಲಿಸಿ ಅರ್ಧ ಹೂಳಿ, ಆಗ ದಾರಿ ಪಕ್ಕಕ್ಕೆ ಹರಡುವುದಿಲ್ಲ.

ನಾಲ್ಕನೇ ಹೆಜ್ಜೆ: ಪಾವಟಿಗೆ ಮತ್ತು ಕಟ್ಟೆ

ಪಾವಟಿಗೆ ಎತ್ತರ ಆರು ಇಂಚು, ಕಾಲಿಡುವ ಅಗಲ ಹನ್ನೆರಡು ಇಂಚು. ಎಲ್ಲ ಮೆಟ್ಟಿಲೂ ಒಂದೇ ಅಳತೆ ಇರಬೇಕು. ಕೊನೆಯದು ಮಾತ್ರ ಎರಡು ಇಂಚು ಹೆಚ್ಚಾದರೂ ಕತ್ತಲಲ್ಲಿ ಎಡವುವುದು ಖಾತ್ರಿ. ಬಾಗಿಲ ಮುಂದೆ ಹೊಸ್ತಿಲಿಗಿಂತ ಒಂದು ಮೆಟ್ಟಿಲು ಕೆಳಗೆ, ಐದು ಅಡಿ ಚೌಕದ ಹಾಸು ಬಿಡಿ. ಚಪ್ಪಲಿ ಬಿಡಲು, ಕೊಡ ಇಳಿಸಲು, ರಂಗೋಲಿ ಹಾಕಲು ಅಷ್ಟು ಜಾಗ ಬೇಕೇ ಬೇಕು. ಬಾಗಿಲ ಚೌಕಟ್ಟಿನ ಕಟ್ಟಿಗೆಗೆ ಮಣ್ಣು ಎಲ್ಲೂ ತಾಗಬಾರದು. ತಾಗಿದರೆ ಗೆದ್ದಲಿಗೆ ಏಣಿ ಇಟ್ಟುಕೊಟ್ಟ ಹಾಗೆ.

ಇನ್ನು ಕಟ್ಟೆ. ನಮ್ಮ ಸೀಮೆಯ ಹಳೇ ಮನೆಗಳ ಮುಖವೇ ಅದು. ಅಲ್ಲೇ ಕುಳಿತು ಕಡಲೆ ಹಸನು ಮಾಡುತ್ತಾರೆ, ಅಲ್ಲೇ ಹೊಲದ ಲೆಕ್ಕ, ಬಂದವರಿಗೆ ಅಲ್ಲೇ ಮೊದಲ ತಂಬಿಗೆ ನೀರು. ಕಟ್ಟೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಮುಂಗೋಡೆಯ ಬುಡಕ್ಕೆ ನೀರು ಹೋಗದಂತೆ ಅಡ್ಡ ನಿಲ್ಲುತ್ತದೆ. ತೋಟದ ಮನೆಗೆ ಬೇರೆ ಏನು ಕಡಿಮೆ ಮಾಡಿದರೂ ಕಟ್ಟೆ ಬಿಡಬೇಡಿ.

ಎತ್ತರ 16ರಿಂದ 18 ಇಂಚು. ಬರೀ ಕೂರುವುದಾದರೆ ಅಗಲ ಎರಡು ಅಡಿ, ಮಧ್ಯಾಹ್ನ ಅಡ್ಡಾಗಬೇಕು ಅಂದರೆ ಮೂರು. ಎರೆ ಭೂಮಿಯಲ್ಲಿ ಎರಡು ಅಡಿ ಆಳಕ್ಕೆ ತೋಡಿ, ಗರಸು ಬಡಿದು, ಅದರ ಮೇಲೆ ಕಲ್ಲು ಎಬ್ಬಿಸಿ. ಒಳಗೆ ಖಡಿ-ಗರಸು ತುಂಬಿ. ತೆಗೆದ ಎರೆಯನ್ನೇ ತುಂಬಿದರೆ ಮುಂದಿನ ಮಳೆಗೆ ಅದು ಉಬ್ಬಿ ಮುಂದಿನ ಕಲ್ಲನ್ನು ಹೊರಗೆ ದೂಡುತ್ತದೆ. ಮೇಲಿನ ಹಾಸು ಕಲ್ಲು ಒಂದು ಅಡಿಗೆ ಕಾಲು ಇಂಚಿನಂತೆ ಹೊರಕ್ಕೆ ಇಳಿಜಾರಾಗಿರಲಿ, ಮುಂದಕ್ಕೆ ಒಂದೂವರೆ ಇಂಚು ಚಾಚಿರಲಿ.

ಗೌಂಡಿಗೆ ಒಂದು ಮಾತು ಮೊದಲೇ ಹೇಳಿ: ಕಟ್ಟೆಯನ್ನು ಮನೆ ಗೋಡೆಗೆ ಬೆಸೆಯಬಾರದು. ಮನೆಯ ಪಾಯ ಆಳದ್ದು, ಕಟ್ಟೆಯದು ಮೇಲಿನದು. ಎರಡೂ ಬೇರೆ ಬೇರೆ ಅಲ್ಲಾಡುತ್ತವೆ. ನಡುವೆ ಅರ್ಧ ಇಂಚು ಸಂದು ಬಿಟ್ಟು, ಮೇಲ್ಭಾಗವನ್ನು ಟಾರಿನಿಂದ ಇಲ್ಲವೇ ಸೀಲಂಟಿನಿಂದ ಮುಚ್ಚಿ. ಹೀಗೆ ಬಿಟ್ಟರೆ ಗೋಡೆಯ ಗಿಲಾಯಿ (ಪ್ಲಾಸ್ಟರ್) ಬಿರಿಯುವುದಿಲ್ಲ.

ಐದನೇ ಹೆಜ್ಜೆ: ಕಾಲು ತೊಳೆಯುವ ಜಾಗ

ಇದನ್ನು ನಕ್ಷೆ ಹಾಕುವಾಗ ಎಲ್ಲರೂ ಮರೆಯುತ್ತಾರೆ. ಶ್ರಾವಣದಲ್ಲಿ ಎರೆ ಹೊಲದಲ್ಲಿ ಹತ್ತು ಹೆಜ್ಜೆ ನಡೆದರೆ ಚಪ್ಪಲಿ ಒಂದೊಂದು ಕಿಲೋ ತೂಗುತ್ತದೆ. ಆ ಮಣ್ಣು ನೀರಿಗೆ ಸುಲಭಕ್ಕೆ ಬಿಡುವುದಿಲ್ಲ, ಮೊದಲು ಕೆರೆಯಬೇಕು. ಅದಕ್ಕೆ ಹಳೇ ಕುಂಟೆಯ ಕುಡ, ಅಂದರೆ ಅದರ ಕಬ್ಬಿಣದ ಅಲಗು, ಬಹಳ ಒಳ್ಳೆಯದು. ಮೂಲೆಗೆ ಬಿದ್ದಿರುವ ಕುಡವನ್ನು ತೆಗೆದು, ಅಲಗಿನ ಮೊನೆಯನ್ನು ಅರದಿಂದ ಉಜ್ಜಿ ಮೊಂಡು ಮಾಡಿ. ಎರಡು ಗಟ್ಟಿ ಕಲ್ಲಿನ ನಡುವೆ, ನೆಲದಿಂದ ನಾಲ್ಕು ಇಂಚು ಎತ್ತರಕ್ಕೆ, ಅಲಗು ಮೇಲೆ ಬರುವಂತೆ ಅಡ್ಡ ಕೂರಿಸಿ ಕಾಂಕ್ರೀಟ್ ಹಾಕಿ. ಚಪ್ಪಲಿಯ ಅಟ್ಟೆಯನ್ನು ಅದರ ಮೇಲೆ ಹಿಂದಕ್ಕೆ ಎಳೆದರೆ ಮಣ್ಣು ಹೆಂಟೆ ಹೆಂಟೆಯಾಗಿ ಕಳಚುತ್ತದೆ. ಇದು ಓಡಾಡುವ ದಾರಿಯ ನಡುವೆ ಬೇಡ, ಪಕ್ಕಕ್ಕಿರಲಿ. ಮಕ್ಕಳು ಎಡವಬಾರದು.

ಅದರ ಪಕ್ಕದಲ್ಲೇ ನಳ, ಮೂರು ಅಡಿ ಚೌಕದ ಒರಟು ಕಲ್ಲು, ಸುತ್ತ ಸಣ್ಣ ಅಂಚು. ನೀರು ಖಡಿ ಕಾಲುವೆಗೆ ಹೋಗಲಿ. ದನಕ್ಕೆ ನೀರಿಡುತ್ತಿದ್ದ ಕಲ್ಲಿನ ಬಾನಿ ಮನೆಯಲ್ಲಿದ್ದರೆ ನಳದ ಕೆಳಗೆ ಇಡಿ. ವಾರಗಟ್ಟಲೆ ನೀರು ನಿಂತರೆ ಸೊಳ್ಳೆಯಾಗುತ್ತದೆ, ಊರಿಗೆ ವಾಪಸ್ ಹೊರಡುವಾಗ ಖಾಲಿ ಮಾಡಿ ಬೋರಲು ಹಾಕಿ.

ಆರನೇ ಹೆಜ್ಜೆ: ಅಂಗಳದ ನೆಲ

ಹುಲ್ಲುಹಾಸು ಬೇಡ. ಬೇಸಿಗೆಯಲ್ಲಿ ದಿನಾ ನೀರು ಕೇಳುತ್ತದೆ, ವಾರಕ್ಕೊಮ್ಮೆ ಬರುವವರಿಗೆ ಅದು ಆಗುವ ಮಾತಲ್ಲ. ಹಸಿರು ಬೇಕೇ ಬೇಕು ಎಂದರೆ ಗರಿಕೆ ಬೆಳೆಯಲು ಬಿಡಿ. ಅದು ಬೇಸಿಗೆಗೆ ಒಣಗಿ, ಮಳೆಗೆ ತಾನೇ ಚಿಗುರುತ್ತದೆ. ಉಳಿದ ಜಾಗಕ್ಕೆ ನಾಲ್ಕು ಇಂಚು ಗರಸು, ಮೇಲೆ ಒಂದು ಇಂಚು ಕೆಂಪು ಮಣ್ಣು, ನೀರು ಹೊಡೆದು ದಿಮ್ಮಸು. ಆಮೇಲೆ ಸೆಗಣಿ ಸಾರಿಸಿದರೆ ಶೇಂಗಾ, ಮೆಣಸಿನಕಾಯಿ ಒಣಗಿಸಲೂ ಆಗುತ್ತದೆ.

ಏಳನೇ ಹೆಜ್ಜೆ: ಗಿಡಗಳು

ಗೋಡೆಯಿಂದ ಮೂರು ಅಡಿ ಏನೂ ಹಚ್ಚಬೇಡಿ. ಮರಗಳನ್ನು ಇನ್ನೂ ದೂರ ಇಡಿ, ಏಕೆಂದರೆ ಬೇಸಿಗೆಯಲ್ಲಿ ಅವು ಎರೆಯೊಳಗಿನ ತೇವ ಎಳೆದುಕೊಂಡು ಪಾಯದ ಕೆಳಗಿನ ಮಣ್ಣನ್ನು ಕುಗ್ಗಿಸುತ್ತವೆ. ಬೇವು, ಕಕ್ಕೆ, ಮಾವು 25 ಅಡಿ ದೂರ. ಪಾರಿಜಾತ, ದೇವಕಣಗಿಲೆ 10ರಿಂದ 12 ಅಡಿ ಸಾಕು. ಅರಳಿ, ಆಲದ ಸಸಿ ಗೋಡೆ ಸಂದಿನಲ್ಲಿ ತಾನಾಗಿ ಹುಟ್ಟಿದರೆ ಎರಡು ಎಲೆ ಇರುವಾಗಲೇ ತೆಗೆಯಿರಿ.

ಬಾಗಿಲು ಪಶ್ಚಿಮಕ್ಕಿದ್ದರೆ ಮಧ್ಯಾಹ್ನದ ಬಿಸಿಲಿಗೂ ಆಷಾಢದ ಗಾಳಿಗೂ ಅಡ್ಡ ಬೇಕು. ಅದಕ್ಕೆ ಬಂದರಿಕೆ ಒಳ್ಳೆಯದು. ಗದಗಿನ ಕಪ್ಪತಗುಡ್ಡದ ಕಲ್ಲು ನೆಲದಲ್ಲೇ ಬೆಳೆಯುವ ಗಿಡ ಅದು, ಬರ ತಡೆಯುತ್ತದೆ, ಕತ್ತರಿಸಿದರೆ ಬೇಲಿಯಾಗಿ ನಿಲ್ಲುತ್ತದೆ. ಹಳದಿ ಹೂವಿನ ತಂಗಡಿಯೂ ಅಷ್ಟೇ ಗಟ್ಟಿಗ. ಆದರೆ ಗುಡ್ಡದಿಂದ ಕಿತ್ತು ತರಬೇಡಿ, ಅದು ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೇಳಿ.

ಬಾಗಿಲ ಹತ್ತಿರಕ್ಕೆ ವಾಸನೆ ಇರುವುದು ಇರಲಿ. ಮಲ್ಲಿಗೆ ಹಂಬನ್ನು ಕಟ್ಟೆಯ ತುದಿಯ ಕಂಬಕ್ಕೆ ಹಬ್ಬಿಸಿ. ಹಡಗಲಿ ಮಲ್ಲಿಗೆ ಗದಗಿಗೆ ನೆರೆಯ ಸೀಮೆಯದೇ, ಈ ಬಿಸಿಲು ಅದಕ್ಕೆ ಹೊಸತಲ್ಲ. ದಾಸವಾಳ, ಅಬ್ಬಲಿಗೆ, ತುಳಸಿ, ಕರಿಬೇವು, ಒಂದು ನಿಂಬೆ. ಪೂಜೆಗೂ ಅಡುಗೆಗೂ ಕೈಗೆ ಸಿಗುವಂತಿರಲಿ. ನಿಂಬೆಗೆ ಮುಳ್ಳಿದೆ, ದಾರಿಯಿಂದ ಐದು ಅಡಿ ಆಚೆ. ಕಣಗಿಲೆ ಹೂವು ಚೆಂದ, ಬರಕ್ಕೂ ಜಗ್ಗುವುದಿಲ್ಲ. ಆದರೆ ಅದರ ಎಲೆ, ಕಾಂಡ ಎಲ್ಲವೂ ವಿಷ. ದನ-ಆಡು ಓಡಾಡುವ ಅಂಗಳದಲ್ಲಿ, ಸಣ್ಣ ಮಕ್ಕಳಿರುವ ಮನೆಯಲ್ಲಿ ನಾನಂತೂ ಹಚ್ಚುವುದಿಲ್ಲ.

ಎರೆ ಮಣ್ಣಿನಲ್ಲಿ ಗುಂಡಿ ತೋಡಿ ಸಸಿ ಇಟ್ಟರೆ ಮಳೆಗಾಲದಲ್ಲಿ ಗುಂಡಿ ಬಾವಿಯಾಗಿ ಬೇರು ಕೊಳೆಯುತ್ತದೆ. ಬದಲಿಗೆ ಒಂದು ಅಡಿ ಎತ್ತರದ ಮಡಿ ಮಾಡಿ. ದಾರಿಯಿಂದ ತೆಗೆದ ಎರೆಗೆ ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರವನ್ನು ಮೂರಕ್ಕೆ ಒಂದು ಪಾಲು ಬೆರೆಸಿ. ಒಂದೆರಡು ಬುಟ್ಟಿ ಉಸುಕು ಬೆರೆಸಿದರೆ ಮಣ್ಣು ಸಡಿಲಾಗುತ್ತದೆ ಅಂತ ಹೇಳುವವರಿದ್ದಾರೆ. ಅಷ್ಟು ಸ್ವಲ್ಪದಿಂದ ಅದು ಇನ್ನೂ ಗಟ್ಟಿಯಾಗುತ್ತದೆ, ಕೆಲಸ ಮಾಡುವುದು ಗೊಬ್ಬರವೇ. ಕೆಂಪು ಮಣ್ಣಾದರೆ ಎರಡು ಅಡಿ ಗುಂಡಿ, ಗೊಬ್ಬರದ ಜೊತೆ ಗೆದ್ದಲಿಗೆ ಎರಡು ಬೊಗಸೆ ಬೇವಿನ ಹಿಂಡಿ.

ವಾರಕ್ಕೊಮ್ಮೆ ಬರುವವರಿಗೆ ನೀರಿನ ಉಪಾಯ ಗಡಿಗೆ. ಬಣ್ಣ ಬಳಿಯದ ಐದಾರು ಲೀಟರಿನ ಮಣ್ಣಿನ ಗಡಿಗೆಯನ್ನು ಸಸಿಯಿಂದ ಒಂದು ಅಡಿ ದೂರ, ಕುತ್ತಿಗೆವರೆಗೆ ಹೂಳಿ. ನೀರು ತುಂಬಿ ಬಾಯಿಗೆ ಚಪ್ಪಟೆ ಕಲ್ಲು ಮುಚ್ಚಿ. ಗಡಿಗೆ ಮೈಯಿಂದ ಒಸರುವ ನೀರನ್ನು ಬೇರು ತಾನೇ ಹುಡುಕಿಕೊಂಡು ಬರುತ್ತದೆ. ಮಣ್ಣಿನ ಮೇಲೆ ಶೇಂಗಾ ಸಿಪ್ಪೆ ಇಲ್ಲವೇ ಕಡಲೆ ಹೊಟ್ಟು ಮೂರು ಇಂಚು ಹರಡಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಆಡುಗಳ ಕಾಟಕ್ಕೆ ಮೊದಲ ಎರಡು ವರ್ಷ ಜಾಲಿ ಮುಳ್ಳಿನ ಸುತ್ತುಬೇಲಿ ಇರಲಿ.

ಎಂಟನೇ ಹೆಜ್ಜೆ: ದೀಪ ಮತ್ತು ಹುಳ-ಹಾವು

ನಾಗರ, ಕೊಳಕುಮಂಡಲ ಎರಡೂ ಇರುವ ಹೊಲಗಳು ನಮ್ಮವು. ಆದ್ದರಿಂದ ಬಾಗಿಲಿನಿಂದ ಆರು ಅಡಿ ಒಳಗೆ ನೆಲಕ್ಕೆ ಹರಡುವ ದಟ್ಟ ಗಿಡ ಬೇಡ. ಇರುವ ಗಿಡಗಳ ಕೆಳಗಿನ ಒಂದು ಅಡಿ ಟೊಂಗೆ ತೆಗೆದು ನೆಲ ಕಾಣುವಂತೆ ಇಡಿ. ಉಳಿದ ಕಲ್ಲು, ಹಂಚು, ಕಟ್ಟಿಗೆ ರಾಶಿಯನ್ನು ಮನೆ ಹಿಂದೆಯೂ ಅಲ್ಲ, ದೂರ ಸಾಗಿಸಿ. ಕಟ್ಟೆಯಲ್ಲಿ ಸಂದು ಕಂಡರೆ ಮುಚ್ಚಿ, ಇಲಿ ಹೊಕ್ಕರೆ ಅದರ ಹಿಂದೆ ಹಾವೂ ಹೊಗುತ್ತದೆ.

ದೀಪ ಬಾಗಿಲ ತಲೆ ಮೇಲೆ ಜೋರಾಗಿ ಉರಿಯುವುದು ಬೇಡ. ಮಳೆಗಾಲದಲ್ಲಿ ಹುಳ ಮುತ್ತುತ್ತವೆ, ಹುಳಕ್ಕೆ ಕಪ್ಪೆ ಬರುತ್ತದೆ, ಕಪ್ಪೆಗೆ ಹಾವು. ಹಳದಿ ಬೆಳಕಿನ ಸಣ್ಣ ದೀಪಗಳನ್ನು ಮೊಳಕಾಲೆತ್ತರಕ್ಕೆ, ದಾರಿಯ ತಿರುವಿನಲ್ಲಿ ಒಂದು, ಪಾವಟಿಗೆ ಪಕ್ಕ ಒಂದು ಇಡಿ. ನೆಲ ಕಂಡರೆ ಸಾಕು. ಕರೆಂಟ್ ಹೋಗುವ ಕಡೆ ಸೋಲಾರ್ ದೀಪ ಅನುಕೂಲ.

ಮೊದಲ ವರ್ಷ

ಕಾಂಗ್ರೆಸ್ ಕಸ ಅಗೆದ ಹೊಸ ಮಣ್ಣನ್ನೇ ಹುಡುಕಿ ಬರುತ್ತದೆ. ಹೂವು ಬಿಡುವ ಮೊದಲೇ, ಮಳೆ ಬಿದ್ದ ಮರುದಿನ ಬೇರು ಸಮೇತ ಕೀಳಿ. ಕೈಗವಸು ಹಾಕಿಕೊಳ್ಳಿ, ಮೈ ತುರಿಕೆ ಬರುತ್ತದೆ.

ದಸರೆ ಹೊತ್ತಿಗೆ ದಾರಿಯಲ್ಲಿ ಕೆಲವು ಕಲ್ಲು ಕುಸಿದಿರುತ್ತವೆ. ಹಾರೆಯಿಂದ ಎತ್ತಿ, ಉಸುಕು ಸೇರಿಸಿ, ಮತ್ತೆ ಕೂರಿಸಿ. ಖಡಿ ಕಾಲುವೆಯಲ್ಲಿ ಹೂಳು ತುಂಬಿದ್ದರೆ ಬೇಸಿಗೆಯಲ್ಲಿ ಖಡಿ ತೆಗೆದು ಜಾಡಿಸಿ ಹಾಕಿ. ಕಟ್ಟೆಯಲ್ಲಿ ಕೂದಲೆಳೆಯ ಬಿರುಕು ಕಂಡರೆ ಗಾಬರಿ ಬೇಡ, ತಕ್ಷಣ ಸಿಮೆಂಟ್ ಮೆತ್ತಲೂ ಬೇಡ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ. ಎರಡನೇ ಮಳೆಗಾಲ ಕಳೆದ ಮೇಲೂ ಬಿರುಕು ಗೆರೆ ದಾಟಿರದಿದ್ದರೆ ಸುಣ್ಣ-ಉಸುಕು ತುಂಬಿ ಮುಚ್ಚಿ. ದಾಟಿದ್ದರೆ ಎಲ್ಲೋ ನೀರು ಒಳಗೆ ಹೋಗುತ್ತಿದೆ. ಮಳೆ ಬರುವಾಗ ಕೊಡೆ ಹಿಡಿದು ನಿಂತು, ಸೂರಿನಿಂದ ಕಾಲುವೆವರೆಗೆ ಅದು ಎಲ್ಲಿ ನಿಲ್ಲುತ್ತಿದೆ ನೋಡಿ, ಅಲ್ಲಿ ಇಳಿಜಾರು ಸರಿ ಮಾಡಿಸಿ.